ಅಕ್ಕನ ರಕ್ತನಾಳ

ಮತ್ತೆ ಬಂತು ಕಪ್ಪು, ಪರದೆಯ ಬೂದುಬಣ್ಣದೊಳಗಿಂದ ಒಂದು ರೆಂಬೆ ಮೂಡಿತು, ಅದರಿಂದ ಇನ್ನೊಂದು, ಇನ್ನೊಂದರಿಂದ ಕೂದಲೆಳೆಯಂಥ ನಾಲ್ಕಾರು, ಒಂದು ಕ್ಷಣ ಇಡೀ ಮರವೇ ಕುಣಿದಂತಾಗಿ ಮಾಯ, ಆಮೇಲೆ ಬರೀ ಪಕ್ಕೆಲುಬಿನ ನೆರಳು — ಎಷ್ಟು ಚೆಂದ ಇದೆ ಅಕ್ಕನ ಹೃದಯದ ನಾಳ ಅಂದುಕೊಂಡಳು ಇವಳು, ಅಂದುಕೊಂಡಿದ್ದಕ್ಕೆ ತನಗೇ ನಗು ಬಂತು, ಅಕ್ಕ ಅಲ್ಲಿ ಗಾಜಿನಾಚೆ ಮೇಜಿನ ಮೇಲೆ ಅಂಗಾತ ಮಲಗಿದ್ದಾಳೆ, ಬಲಗೈ ಮಣಿಕಟ್ಟಿನಿಂದ ದಾರದಂಥ ಕೊಳವೆಯೊಂದು ಎದೆಯವರೆಗೂ ಹೋಗಿದೆ, ತಂಗಿ ಇಲ್ಲಿ ನಿಂತು ಚೆಂದ ನೋಡುತ್ತಿದ್ದಾಳೆ. ಎಕ್ಸ್‌ರೇ ತಡೆಯುವ ಸೀಸದ ಅಂಗಿ ಹೆಗಲು ಜಗ್ಗುತ್ತಿದೆ, ಬೇಕಾದರೆ ಒಳಗೆ ಬರುವಂತಿರಲಿ ಎಂದು ನರ್ಸ್ ತೊಡಿಸಿದ್ದು, ತೊಡಿಸುವಾಗ ನೀವೂ ಡಾಕ್ಟ್ರಾ ಮೇಡಂ ಅಂದಿದ್ದಳು, ಡಾಕ್ಟ್ರೇ, ಆದ್ರೆ ಇಲಿಗಳಿಗೆ, ಅಂದಿದ್ದಳು ಇವಳು, ಸುಳ್ಳೇನಲ್ಲ, ಇದೇ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಇಲಿಗಳ ರಕ್ತನಾಳ ಹಿಗ್ಗುವುದನ್ನೂ ಕುಗ್ಗುವುದನ್ನೂ ನೋಡಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವಳು, ಒಡಹುಟ್ಟಿದವಳದನ್ನು ನೋಡುವುದು ಇದೇ ಮೊದಲು. ಹೊದಿಕೆಯ ಆಚೆ ಅಕ್ಕನ ಪಾದ ಕಾಣುತ್ತದೆ, ಈಜುಕೊಳದ ನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಅಂಗಾಲು, ಎಷ್ಟೋ ಮಕ್ಕಳಿಗೆ ನೀರಿನ ಭಯ ಬಿಡಿಸಿದ ಪಾದ, ಹೆಬ್ಬೆರಳನ್ನು ಆಡಿಸುತ್ತಿದ್ದಾಳೆ, ಬೇಜಾರಾದರೆ ಚಿಕ್ಕಂದಿನಿಂದಲೂ ಹೀಗೇ, ಸ್ಪೀಕರಿನಲ್ಲಿ ಅವಳ ದನಿ ಬರುತ್ತದೆ, ಏನ್ ಚಳಿ ಕಣ್ರೀ ಡಾಕ್ಟ್ರೇ ಇಲ್ಲಿ, ನನ್ನ ಕೊಳದ ನೀರೇ ವಾಸಿ, ಮುಖಗವಸಿನೊಳಗೆ ಹೃದಯದ ಡಾಕ್ಟರು ನಕ್ಕಿರಬೇಕು, ಕಣ್ಣ ಪಕ್ಕ ಗೆರೆ ಬಿತ್ತು, ಸ್ವಲ್ಪ ಮಾತಾಡ್ದೆ ಇರಿ ಅಮ್ಮ, ಚಿತ್ರ ಅಲುಗುತ್ತೆ, ಅಂದರು, ಮಾತು ನಿಲ್ಲಿಸು ಅಂದ್ರೆ ನನ್ ಹೃದಯಾನೇ ನಿಂತುಹೋಗುತ್ತೆ, ಅಂದಳು ಅಕ್ಕ, ನರ್ಸ್ ಕಿಸಕ್ಕನೆ ನಕ್ಕಳು.

ನಾಳ ಕ್ಲೀನಾಗಿದೆ, ಎದೆನೋವೆಂದು ಬಂದಾಗ ಇದೇ ಡಾಕ್ಟರು ಹೋದ ವರ್ಷವೂ ಹೀಗೇ ಬಣ್ಣ ಬಿಟ್ಟು ನೋಡಿ ಹೇಳಿದ್ದರು, ಎಲ್ಲೂ ಕೊಬ್ಬು ಕಟ್ಟಿಲ್ಲ, ನಿಮ್ಮ ವಯಸ್ಸಿಗೆ ಇಷ್ಟು ನಯವಾದ ನಾಳ ನೋಡೇ ಇಲ್ಲ, ಖುಷಿಯಾಗಿ ಮನೆಗೆ ಹೋಗಿ, ಅಕ್ಕ ಖುಷಿಯಾಗಿಯೇ ಹೋದಳು, ಮಾರನೆಯ ಬೆಳಗ್ಗೆ ಹಲ್ಲುಜ್ಜುತ್ತಾ ಬೇಸಿನ್ನನ್ನು ಹಿಡಿದು ಕುಸಿದಳು, ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಾರೆ, ದವಡೆಯವರೆಗೂ ನೋವು, ಆಮೇಲೆ ಏನೂ ಆಗಿಲ್ಲವೆಂಬಂತೆ ಹೋಯಿತು. ಓಡುವ ಯಂತ್ರದ ಮೇಲೆ ಹತ್ತಿಸಿದರೆ ಅಕ್ಕ ಓಡಿದ್ದೇ ಓಡಿದ್ದು, ಪರೀಕ್ಷೆ ಮಾಡುವವನೇ ಸುಸ್ತಾಗಿ, ಸಾಕಿಳೀರಿ ತಾಯಿ, ನಿಮ್ಗಿಂತ ಮೊದಲು ಮೆಷಿನ್ ಕೆಟ್ಟುಹೋಗುತ್ತೆ, ಅಂದನಂತೆ, ಓಡುವಾಗ ಬಾರದ ನೋವು ಕೂತಾಗ ಬರುತ್ತದೆ ಎಂದರೆ ಯಾರು ನಂಬುತ್ತಾರೆ, ಒಬ್ಬರು ಗ್ಯಾಸು ಎಂದರು, ಇನ್ನೊಬ್ಬರು ಟೆನ್ಶನ್ನು ಎಂದರು, ಮತ್ತೊಬ್ಬರು ಮುಟ್ಟು ನಿಲ್ಲೋ ಕಾಲ ಅಲ್ವಾ, ಇದೆಲ್ಲ ಇದ್ದದ್ದೇ, ಯೋಗ ಮಾಡಿ ಎಂದರು — ಮುಟ್ಟು ನಿಂತಾಗ ನೋವು ಶುರುವಾಯಿತು ಎಂದು ಅವರೇ ಬಾಯಿಬಿಟ್ಟು ಹೇಳಿದ್ದರಲ್ಲ, ಯಾಕೆ ಶುರುವಾಯಿತು ಎಂದು ಕೇಳಿಕೊಳ್ಳಲು ಇನ್ನೊಂದು ಉಸಿರು ಸಾಕಿತ್ತು, ಆ ಉಸಿರೇ ಯಾರಲ್ಲೂ ಉಳಿದಿರಲಿಲ್ಲ. ಭಾವನ ಲೆಕ್ಕವಂತೂ ಇನ್ನೂ ಸುಲಭ, ಭಾವ ಕೊಳಾಯಿ ಕೆಲಸದವನು, ಮನೆಮನೆಯ ನಲ್ಲಿ, ಪೈಪು, ಸಿಂಕು ಅವನ ಜಗತ್ತು, ಪೈಪ್ ಕ್ಲೀನಾಗಿದೆ ಅಂದ್ಮೇಲೆ ನೀರು ಹೋಗ್ಲೇಬೇಕು ಕಣಮ್ಮ, ನಾಳ ಏನು ನಳ ಏನು, ಅದರಲ್ಲೇನು ವಿದ್ಯೆ ಇದೆ, ಅಂದಿದ್ದ, ಅಲ್ಲ ಭಾವ, ನಿನ್ನ ಪೈಪು ಸತ್ತಿರೋದು, ಇದು ಜೀವ ಇರೋದು, ಇದು ತಾನೇ ಬಿಗಿಯುತ್ತೆ, ತಾನೇ ಸಡಿಲ ಆಗುತ್ತೆ, ಎಂದು ಇವಳು ಕೈ ಮುಷ್ಟಿ ಮಾಡಿ ಬಿಚ್ಚಿ ತೋರಿಸಿದ್ದಳು, ಭಾವ ಮುಷ್ಟಿಯನ್ನೇ ನೋಡಿದ, ಹಾಗಾದ್ರೆ ರಿಪೇರಿ ಮಾಡೋರು ಬಂದಾಗ ಅದು ಬಿಚ್ಕೊಂಡಿರುತ್ತೆ ಅನ್ನು, ಅಂದ — ಇಷ್ಟು ದಿನದಲ್ಲಿ ಒಬ್ಬರಿಗೆ ಅರ್ಥವಾಯಿತಲ್ಲ ಎಂದು ಇವಳಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಗಿತ್ತು, ಈಗ ಹೊರಗೆ ಬೆಂಚಿನ ಮೇಲೆ ಅಕ್ಕನ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೇನೋ ಎಂಬಂತೆ.

ಡಾಕ್ಟರು ಸಿರಿಂಜು ಕೇಳಿದರು, ನರ್ಸ್ ಔಷಧದ ಹೆಸರನ್ನು ಗಟ್ಟಿಯಾಗಿ ಓದಿದಳು, ಅಸಿಟೈಲ್‌ಕೋಲಿನ್, ಕೇಳಿದ್ದೇ ಇವಳ ಬೆರಳ ತುದಿಗಳು ಚುರುಕಾದವು, ಬೇರೆಯವರ ಮನೆಯಲ್ಲಿ ತವರಿನವರ ದನಿ ಕೇಳಿದಂತೆ, ತನ್ನ ಕೋಣೆಯಲ್ಲಿ ಎಷ್ಟು ಸಲ ಹನಿಸಿದ್ದಾಳೋ ಇದನ್ನು, ಸಾಸಿವೆ ಕಾಳಿಗಿಂತ ಚಿಕ್ಕದೊಂದು ನಾಳದ ಉಂಗುರ, ಎರಡು ಸೂಕ್ಷ್ಮ ತಂತಿಗಳ ನಡುವೆ, ಬೆಚ್ಚಗಿನ ಉಪ್ಪುನೀರಿನಲ್ಲಿ, ಮೊದಲೊಂದು ಔಷಧ ಹಾಕಿ ಬಿಗಿಯಬೇಕು, ಕಂಪ್ಯೂಟರಿನಲ್ಲಿ ಗೆರೆ ಗುಡ್ಡ ಹತ್ತುತ್ತದೆ, ಆಮೇಲೆ ಈ ಅಸಿಟೈಲ್‌ಕೋಲಿನ್ ಒಂದು ಹನಿ, ಗೆರೆ ಇಳಿಯುತ್ತದೆ, ಉಂಗುರ ಸಡಿಲವಾಯಿತು ಎಂದರ್ಥ, ಸಡಿಲ ಮಾಡುವುದು ಔಷಧವಲ್ಲ, ನಾಳದ ಒಳಪದರ, ಹಾಲಿನ ಮೇಲಿನ ಕೆನೆಗಿಂತ ತೆಳುವಾದ ಪದರ, ಔಷಧ ತಾಗಿದ್ದೇ ತಡ ಅದೊಂದು ಅನಿಲ ಹೊರಡಿಸುತ್ತದೆ, ನೈಟ್ರಿಕ್ ಆಕ್ಸೈಡ್, ಕಾರಿನ ಹೊಗೆಯಲ್ಲಿದ್ದರೆ ವಿಷ, ನಾಳದಲ್ಲಿದ್ದರೆ ಅಮೃತ, ಹುಟ್ಟಿ ಕೆಲವೇ ಕ್ಷಣ ಬದುಕುತ್ತದೆ, ಅಷ್ಟರೊಳಗೆ ಪಕ್ಕದ ಸ್ನಾಯುವಿಗೆ ಬಿಗಿ ಬಿಡು ಎಂದು ಹೇಳಿ ಸಾಯುತ್ತದೆ — ಒಳಪದರ ಸೊರಗಿದ್ದರೆ ಈ ಅನಿಲ ಹುಟ್ಟುವುದಿಲ್ಲ, ಆಗ ಅದೇ ಹನಿ ನೇರ ಸ್ನಾಯುವಿಗೇ ತಾಗಿ ನಾಳವನ್ನು ಬಿಗಿದುಹಾಕುತ್ತದೆ, ಗಟ್ಟಿಯಿದ್ದರೆ ತೆರೆಯುತ್ತದೆ, ಸೊರಗಿದ್ದರೆ ಮುಚ್ಚುತ್ತದೆ, ಇಷ್ಟೇ ಇವತ್ತಿನ ಪರೀಕ್ಷೆ. ಹೆಣ್ಣಿಲಿ ಬೇಡಮ್ಮ, ಅಂದಿದ್ದರು ಆಗ ಪ್ರಯೋಗಾಲಯದ ದೊಡ್ಡವರು, ಅವುಗಳದ್ದು ದಿನಕ್ಕೊಂದು ಲಹರಿ, ಹಾರ್ಮೋನು ಏರುತ್ತೆ ಇಳಿಯುತ್ತೆ, ಲೆಕ್ಕ ಕೆಡುತ್ತೆ, ಗಂಡಿಲಿ ಸಾಕು, ಹಾಗಾದ್ರೆ ಹೆಂಗಸ್ರಿಗೆ ಮಾತ್ರೆ ಕೊಡೋವಾಗ ಹಾರ್ಮೋನು ರಜ ಹಾಕುತ್ತಾ ಸಾರ್, ಅಂದುಬಿಟ್ಟಿದ್ದಳು ಇವಳು, ಬಾಯಿ ಜಾಸ್ತಿ ನಿನಗೆ ಅಂದರು, ಬಾಯಿ ಜಾಸ್ತಿಯೇ, ಅಕ್ಕನ ತಂಗಿ ತಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ, ಎತ್ತನ್ನೇ ಕರೆದು ಕರೆದು ಹಸು ಎಷ್ಟು ಹಾಲು ಕೊಡುತ್ತದೆಂದು ಪುಸ್ತಕ ಬರೆದವರು, ಅಂದುಕೊಂಡು ಹೆಣ್ಣಿಲಿಯ ಉಂಗುರವನ್ನೂ ಗಂಡಿಲಿಯ ಉಂಗುರವನ್ನೂ ಅಕ್ಕಪಕ್ಕ ಕಟ್ಟಿದಳು, ಒಂದೇ ಹನಿ ಎರಡಕ್ಕೂ, ಗಂಡಿಲಿಯ ಗೆರೆ ಮೆಟ್ಟಿಲು ಇಳಿದಂತೆ ಇಳಿಯಿತು, ಹೆಣ್ಣಿಲಿಯದು ಜಾರುಬಂಡೆಯ ಮೇಲೆ ಜಾರಿತು, ದೊಡ್ಡವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಇನ್ನೊಂದ್ಸಲ ಮಾಡು, ಅಂದರು, ಮಾಡಿದಳು, ಮತ್ತೆ ಜಾರಿತು, ಅನಿಲ ಹುಟ್ಟದಂತೆ ತಡೆಯುವ ಔಷಧ ಹಾಕಿದಾಗ ಎರಡೂ ಗೆರೆ ಮೇಲೆಯೇ ನಿಂತವು, ಅಂಡಾಶಯ ತೆಗೆದ ಹೆಣ್ಣಿಲಿಯದು ಜಾರಲೇ ಇಲ್ಲ, ಮೆಟ್ಟಿಲು ಹುಡುಕಿಕೊಂಡು ಇಳಿಯಿತು, ಹಾರ್ಮೋನನ್ನು ವಾಪಸ್ಸು ಕೊಟ್ಟರೆ ಮತ್ತೆ ಜಾರಿತು. ಲೆಕ್ಕ ಕೆಡುತ್ತದೆ ಎಂದಿದ್ದರಲ್ಲ, ಕೆಟ್ಟಿದ್ದೇ ಲೆಕ್ಕ. ಆವತ್ತು ಇವಳಿಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ, ಮನೆಗೆ ಹೋಗಿ ಅಕ್ಕನಿಗೆ ಹೇಳಿದರೆ ಅಕ್ಕ, ಅಂದ್ರೆ ಹೆಣ್ಣು ಬೇಗ ಕರಗ್ತಾಳೆ ಅಂತ ತಾನೆ, ಇದಕ್ಕೆ ಇಲಿ ಯಾಕೆ ಬೇಕಿತ್ತೇ, ನಮ್ಮಮ್ಮನ್ನ ಕೇಳಿದ್ರೆ ಹೇಳ್ತಿದ್ಳು, ಅಂದಿದ್ದಳು.

ಹಿತ್ತಲ ಗಿಡ ಮದ್ದಲ್ಲ, ಅದಕ್ಕೇ ಅಕ್ಕ ಇವಳಿಗೆ ನೋವಿನ ಸುದ್ದಿ ಹೇಳಿದ್ದು ಊರಿಗೆಲ್ಲ ಹೇಳಿ ಮುಗಿಸಿದ ಮೇಲೆ, ಅದೂ ಬಾಯಲ್ಲಿ ಹೇಳಿದ್ದಲ್ಲ, ಕಣ್ಣೆದುರಿಗೆ ಆಯಿತು, ಇವಳು ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಈಜುಕೊಳಕ್ಕೆ ಹೋದ ದಿನ, ಕ್ಲೋರಿನ್ ವಾಸನೆ, ಗೋಡೆಯ ನೀಲಿ ಟೈಲು, ಮಕ್ಕಳ ಕೇಕೆ, ಅಕ್ಕ ನಡುನೀರಿನಲ್ಲಿ ನಿಂತು ಒಂದು ಪುಟ್ಟ ಹುಡುಗಿಯ ಬೆನ್ನಿನ ಕೆಳಗೆ ಅಂಗೈ ಇಟ್ಟು, ಕತ್ತು ಬಿಡು, ಹೊಟ್ಟೆ ಬಿಡು, ನೀರು ನಿನ್ನ ಹೊತ್ಕೊಳುತ್ತೆ, ನೀನ್ಯಾಕೆ ನಿನ್ನ ಹೊತ್ಕೋತೀಯ, ಅನ್ನುತ್ತಿದ್ದಳು, ಹುಡುಗಿ ತೇಲಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕ ಮಾತ್ರ ತಟ್ಟಲಿಲ್ಲ, ಮೆಲ್ಲಗೆ ಏಣಿ ಹತ್ತಿ ಬಂದು ದಡದಲ್ಲಿ ಕೂತಳು, ಮುಷ್ಟಿಯನ್ನು ಎದೆಯ ನಡುವೆ ಒತ್ತಿಕೊಂಡು, ತುಟಿ ಸುಣ್ಣದಂತೆ, ಏನಾಯ್ತೇ ಅಂದರೆ, ಬಂತು, ಹೋಗುತ್ತೆ ಬಿಡು, ಯಾರ್ಗೂ ಹೇಳ್ಬೇಡ, ಹೇಳಿದ್ರೆ ಮತ್ತೆ ಯೋಗ ಮಾಡು ಅಂತಾರೆ. ಆ ಮುಷ್ಟಿ, ಆ ತುಟಿ, ತಣ್ಣೀರು, ಕೂತಾಗ ಬರುವ ನೋವು, ನಿಂತುಹೋದ ಮುಟ್ಟು — ಒಂದರ ಪಕ್ಕದಲ್ಲೊಂದು ತಾವೇ ಬಂದು ನಿಂತವು, ಇವಳು ಅಕ್ಕನ ಒದ್ದೆ ಹೆಗಲಿನ ಮೇಲೆ ಟವೆಲ್ ಹಾಕಿದಳು, ನಿನ್ನ ನಾಳ ಕಟ್ಟಿಲ್ಲ ಅಕ್ಕ, ಅದು ಮುಷ್ಟಿ ಕಟ್ತಾ ಇದೆ, ಇನ್ನಾರಿಗೂ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು, ಎಂದಳು, ಅಕ್ಕ ತಲೆಯೆತ್ತಿ ನೋಡಿದಳು, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೇ, ಅಂದಳು. ಮರುದಿನವೇ ಹೃದಯದ ಡಾಕ್ಟರ ಕೋಣೆ, ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಜಗಳವಾಡುವುದು ಸುಲಭವಿತ್ತು, ಕುರ್ಚಿ ಎಳೆದು ಕೂರಿಸಿ, ನೋಡಿ ಮೇಡಂ, ನೀವು ಹೇಳೋದು ಓದಿದೀನಿ, ಆದ್ರೆ ಇದು ಔಷಧ ಬಿಟ್ಟು ನೋವು ಬರ್ಸೋ ಪರೀಕ್ಷೆ, ಬಡಿತ ನಿಂತುಹೋಗಬಹುದು, ನಿಮ್ಮ ಸ್ವಂತ ಅಕ್ಕ, ಅಂದರು, ನೋವು ಹೇಗೂ ಬರ್ತಾ ಇದೆ ಡಾಕ್ಟ್ರೇ, ಬಚ್ಚಲಲ್ಲಿ ಬರ್ತಾ ಇದೆ, ನೀರಲ್ಲಿ ಬರ್ತಾ ಇದೆ, ನಾವೆಲ್ಲ ಪಕ್ಕದಲ್ಲಿರೋವಾಗ ಒಂದ್ಸಲ ಬರ್ಲಿ ಅಂತ ಅಷ್ಟೇ ಕೇಳ್ತಿರೋದು, ಏನೂ ಬರ್ಲಿಲ್ಲ ಅಂದ್ರೆ, ಅಂದರು, ಬರುತ್ತೆ, ಎಂದಳು ಇವಳು, ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ, ಕಿಟಕಿಯಾಚೆ ನೋಡಿ, ನಿಮ್ಮಕ್ಕ ಏನಂತಾರೆ, ಅಂದರು, ಅಕ್ಕ ಪಕ್ಕದಲ್ಲೇ ಕೂತಿದ್ದಳು, ಇಷ್ಟು ಹೊತ್ತು ಅವಳನ್ನು ಯಾರೂ ಕೇಳಿರಲಿಲ್ಲ, ಮಾಡಿ ಡಾಕ್ಟ್ರೇ, ಅಂದಳು, ನೋವು ನನಗೆ ಹೊಸದಲ್ಲ, ನಂಬ್ಸೋದೇ ಸಾಕಾಗಿಹೋಗಿದೆ.

ಮೊದಲ ಹನಿ ಹೋಯಿತು. ಕಡಿಮೆ ಅಳತೆಯದು, ಪರದೆಯ ಮೇಲೆ ರೆಂಬೆ ಬಂತು, ಕುಣಿಯಿತು, ಹೋಯಿತು, ಮೊದಲಿನಂತೆಯೇ, ಏನಾದ್ರೂ ಅನಿಸ್ತಾ ಇದ್ಯಾ ಅಮ್ಮ, ಹಸಿವಾಗ್ತಾ ಇದೆ, ಅಂದಳು ಅಕ್ಕ, ಎರಡನೆಯದು ಸ್ವಲ್ಪ ಜಾಸ್ತಿ, ಬಂತು, ಕುಣಿಯಿತು, ಹೋಯಿತು, ಡಾಕ್ಟರು ಗಾಜಿನಾಚೆಯಿಂದ ಒಮ್ಮೆ ಇತ್ತ ನೋಡಿದರು, ಆ ನೋಟದಲ್ಲಿ ಹಂಗಿಸುವಿಕೆ ಇರಲಿಲ್ಲ, ಕನಿಕರವಿತ್ತು, ಅದಕ್ಕಿಂತ ಹಂಗಿಸಿದ್ದರೆ ವಾಸಿಯಿತ್ತು, ಇವಳ ಕುತ್ತಿಗೆಯ ಹಿಂದೆ ಬೆವರು, ಸೀಸದ ಅಂಗಿ ಈಗ ಯಾರೋ ಹೆಗಲ ಮೇಲೆ ಕೂತಂತೆ ಭಾರ, ಬರದಿದ್ದರೆ, ಬರದಿದ್ದರೆ ಅಕ್ಕ ಇಲ್ಲಿಂದ ಎದ್ದು ಹೋಗಿ ಇನ್ನೆಂದೂ ಬಾಯಿಬಿಡುವುದಿಲ್ಲ, ಎದೆಯಲ್ಲಿ ಬೆಂಕಿ ಬಿದ್ದರೂ ಗ್ಯಾಸು ಎಂದುಕೊಂಡು ಹಲ್ಲು ಕಚ್ಚುತ್ತಾಳೆ, ಒಂದು ಬೆಳಗ್ಗೆ ನೀರಿನ ನಡುವೆ, ಮಕ್ಕಳ ನಡುವೆ — ಛೆ, ಇಲ್ಲ, ಬೇಡ, ಹಾಗೆ ಯೋಚಿಸುವುದು ಬೇಡ, ಉಂಗುರಗಳೂ ಹೀಗೇ ಅಲ್ಲವೇ, ಕಡಿಮೆ ಅಳತೆಯಲ್ಲಿ ಏನೂ ತೋರುವುದಿಲ್ಲ, ದೊಡ್ಡವರು ಕೈಚೆಲ್ಲುವ ಹೊತ್ತಿಗೇ ಗೆರೆ ಮಾತಾಡಲು ಶುರುಮಾಡುತ್ತಿದ್ದದ್ದು, ಇಲಿ ಬೇರೆ ಅಕ್ಕ ಬೇರೆ ಅನ್ನುತ್ತದೆ ಬುದ್ಧಿಯ ಒಂದು ಮೂಲೆ, ಹೌದು ಬೇರೆ, ಗೊತ್ತು, ಆದರೂ ಒಳಪದರ ಒಳಪದರವೇ, ಇವಳು ಮೈಕಿನ ಗುಂಡಿ ಒತ್ತಿದಳು, ಮುಂದಿನ ಅಳತೆಗೆ ಹೋಗಿ ಡಾಕ್ಟ್ರೇ, ತನ್ನ ದನಿ ಆ ಕೋಣೆಯಲ್ಲಿ ಮೊಳಗಿದ್ದು ಗಾಜಿನ ಮೂಲಕ ಕೇಳಿತು, ಡಾಕ್ಟರು ತಲೆಯಾಡಿಸಿದರು, ಅಕ್ಕ ಹೆಬ್ಬೆರಳು ಆಡಿಸುತ್ತಲೇ ಇದ್ದಳು, ಹಾಕಿ ಹಾಕಿ, ಅವಳು ಹಟಮಾರಿ, ಅವಳಿಗೆ ಬೇಕಾದದ್ದು ಆಗೋವರೆಗೂ ಬಿಡೋಳಲ್ಲ.

ಮೂರನೆಯದು ನಿಧಾನವಾಗಿ ಹೋಗುತ್ತಿದೆ, ಸಿರಿಂಜಿನ ಹಿಡಿಯ ಮೇಲೆ ಡಾಕ್ಟರ ಹೆಬ್ಬೆರಳು ತುಸುತುಸುವೇ ಇಳಿಯುತ್ತಿದೆ, ಬಡಿತದ ಸದ್ದು ವಿರಳವಾಯಿತು, ಟಿಕ್, ಎಷ್ಟೋ ಹೊತ್ತು, ಟಿಕ್, ಹೃದಯವನ್ನು ಕಾಯಲೆಂದು ಮೊದಲೇ ಇಟ್ಟಿದ್ದ ತಂತಿ ಬಡಿತವನ್ನು ತಾನು ಹೊತ್ತುಕೊಂಡಿತು, ಟಿಕ್ ಟಿಕ್ ಟಿಕ್, ಸರಿಹೋಯಿತು ಎಂದು ನರ್ಸ್ ಅನ್ನುವಷ್ಟರಲ್ಲಿ ಸಿರಿಂಜಿನ ಮೇಲಿನ ಹೆಬ್ಬೆರಳು ನಿಂತಿತು, ಹೊದಿಕೆಯ ಕೊನೆಯಲ್ಲಿ ಅಕ್ಕನ ಹೆಬ್ಬೆರಳೂ ನಿಂತೇಹೋಯಿತು, ಪಾದ ನೆಟ್ಟಗಾಯಿತು, ಸ್ಪೀಕರಿನಲ್ಲಿ ಒಂದು ಮಾತು, ಬಂತು. ಎಲ್ಲಿ ಅಮ್ಮ, ಎಲ್ಲಿ ಬಂತು, ಎದೆ, ದವಡೆ, ಇದೇ, ಇದೇ ಡಾಕ್ಟ್ರೇ, ದಿನಾ ಬರೋದು ಇದೇ, ಎಡಗೈ ಮುಷ್ಟಿಯಾಗಿ ಎದೆಗೆ ಬರಲು ಹೊರಟಿತು, ನರ್ಸ್ ಅದನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು, ಬಣ್ಣ ಬಿಡಿ, ಅಂದರು ಡಾಕ್ಟರು, ಪರದೆಯ ಮೇಲೆ ಕಪ್ಪು ಬಂತು — ರೆಂಬೆ ಎಲ್ಲಿ, ಬುಡವೊಂದಿಷ್ಟು ಇದೆ, ಅಲ್ಲಿಂದ ಮುಂದೆ ನೂಲು, ಹರಿದ ಸೀರೆಯ ಅಂಚಿನಿಂದ ಎಳೆದ ನೂಲಿನಂಥ ನೂಲು, ಕೂದಲೆಳೆಗಳೆಲ್ಲ ಮಾಯ, ಕುಣಿಯುತ್ತಿದ್ದ ಮರ ಒಂದು ಕಡ್ಡಿ, ಬಡಿತದ ಗೆರೆ ಕೆಳಗೆ ಕುಸಿದು ಜೋಲುತ್ತಿದೆ, ಸ್ಪಾಸಮ್, ನಾಳ ಬಿಗಿದಿದೆ, ಅಂದರು ಡಾಕ್ಟರು, ದೊಡ್ಡ ದನಿಯಲ್ಲಲ್ಲ, ತಮಗೇ ಹೇಳಿಕೊಂಡಂತೆ, ಆಮೇಲೆ ದೊಡ್ಡ ದನಿಯಲ್ಲೇ, ನೈಟ್ರೋ ಕೊಡಿ, ಈಗ್ಲೇ, ನೈಟ್ರೋಗ್ಲಿಸರಿನ್, ಒಳಗೆ ಹೋಗಿ ಒಡೆದು ಅದೇ ಅನಿಲವಾಗುತ್ತದೆ, ಅಕ್ಕನ ನಾಳ ತಾನಾಗಿ ಹುಟ್ಟಿಸಲಾರದೇ ಹೋದದ್ದನ್ನು ಹೊರಗಿನಿಂದ ತಂದು ಕೊಡುವುದು, ಹೆರವರ ಮನೆಯಿಂದ ಕೆಂಡ ತಂದು ಒಲೆ ಹಚ್ಚಿದ ಹಾಗೆ — ಇವಳು ಯಾವಾಗ ಬಾಗಿಲು ತಳ್ಳಿದಳೋ, ಯಾವಾಗ ಒಳಗೆ ಬಂದಳೋ, ಅಕ್ಕನ ತಲೆಯ ಬಳಿ ನಿಂತಿದ್ದಾಳೆ, ಅಕ್ಕನ ಹಣೆ ತಣ್ಣಗೆ ಒದ್ದೆ, ಕಣ್ಣು ಇವಳನ್ನು ನೋಡುತ್ತಿಲ್ಲ, ಮೇಲೆ ದೀಪವನ್ನೂ ನೋಡುತ್ತಿಲ್ಲ, ಒಳಗೆಲ್ಲೋ ನೋಡುತ್ತಿದೆ, ಕತ್ತು ಬಿಡು ಅಕ್ಕ, ಎಂದಳು ಇವಳು, ಬಣ್ಣ ಮತ್ತೆ, ಅಂದರು ಡಾಕ್ಟರು, ಇನ್ನೂ ನೂಲು, ಇನ್ನೊಂದು ಡೋಸ್, ಬಣ್ಣ, ನೂಲು ತುಸು ದಪ್ಪ, ಬಣ್ಣ, ದಾರ, ಆಮೇಲೆ ಒಂದು ಕವಲು ಎಲ್ಲಿಂದಲೋ ಕಣ್ಣು ತೆರೆಯಿತು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ ಒಟ್ಟಿಗೆ, ಬೆರಳು ಬಿಚ್ಚಿದಂತೆ, ಬಿಚ್ಚಿ ಚಾಚಿದಂತೆ, ಹಿಂದೆಂದೂ ಇಲ್ಲದಷ್ಟು ಅಗಲಕ್ಕೆ.

ಅಕ್ಕ ಉದ್ದಕ್ಕೆ ಉಸಿರು ಬಿಟ್ಟಳು. ಮುಖಕ್ಕೆ ರಕ್ತ ಬಂತು, ಮೊದಲು ತುಟಿಗೆ, ಆಮೇಲೆ ಕೆನ್ನೆಗೆ, ಗಂಟಲು ಸರಿಮಾಡಿಕೊಂಡು, ನೋಡಿದ್ರಾ ಡಾಕ್ಟ್ರೇ, ಅಂದಳು, ಡಾಕ್ಟರು ಮುಖಗವಸನ್ನು ಗದ್ದಕ್ಕೆ ಇಳಿಸಿದರು, ನೋಡಿದೆ ಅಮ್ಮ, ನೋಡಿದೆ, ನಾನು ಮನೆಗೆ ಹೋಗಿ ಅಂದಿದ್ದೆ ಅಲ್ವಾ, ಅಂದರು, ಅಂದಿದ್ರಿ, ಹೋಗಿದ್ದೆ, ಈಗ ವಾಪಸ್ ಬಂದೆ, ಅಂದಳು ಅಕ್ಕ, ಡಾಕ್ಟರು ಇವಳ ಕಡೆ ತಿರುಗಿ, ನಾಳ ಬಿಗಿಯದ ಹಾಗೆ ಮಾತ್ರೆ ಇದೆ, ಇವತ್ತಿಂದಲೇ ಶುರು ಮಾಡೋಣ, ಹೋದ ವರ್ಷ ನಾನು ವಾಪಸ್ ಕಳಿಸಿದ ಹೆಂಗಸರನ್ನೆಲ್ಲ ಮತ್ತೆ ಕರೆಸ್ಬೇಕು, ನೀವೂ ಬನ್ನಿ, ಅಂದರು, ಬರ್ತೀನಿ, ಎಂದಳು ಇವಳು, ಬರದೆ ಎಲ್ಲಿಗೆ ಹೋಗಲಿ, ಎಷ್ಟು ಜನವಿರಬಹುದು, ಎಷ್ಟು ಬಚ್ಚಲುಗಳಲ್ಲಿ ಎಷ್ಟು ಬೇಸಿನ್ನು ಹಿಡಿದುಕೊಂಡು, ಭಾವನಿಗೆ ಹೇಳಬೇಕು, ದೊಡ್ಡವರಿಗೂ ಫೋನು ಮಾಡಬೇಕು, ಈಗ ಕಿವಿ ಮಂದವಂತೆ, ಕೂಗಿ ಹೇಳಬೇಕು, ಹೇಳಬೇಕಾದ ಮಾತುಗಳು ಒಂದರ ಮೇಲೊಂದು ನುಗ್ಗಿ ಬರುತ್ತಿದ್ದವು, ಅಷ್ಟರಲ್ಲಿ ಅಕ್ಕ, ನನಗೂ ತೋರಿಸ್ರೀ, ನನ್ನದು ತಾನೆ ಅದು, ಎಲ್ಲರೂ ನೋಡಿದ್ರು, ನಾನೊಬ್ಳು ನೋಡಿಲ್ಲ, ಅಂದಳು, ನರ್ಸ್ ಪರದೆಯ ತೋಳನ್ನು ಎಳೆದು ಅವಳ ಮುಖದ ಹತ್ತಿರಕ್ಕೆ ತಂದಳು, ಡಾಕ್ಟರು ಆ ತುಣುಕನ್ನೇ ಮತ್ತೆ ಮತ್ತೆ ಓಡುವ ಹಾಗೆ ಬಿಟ್ಟರು, ನೂಲು, ರೆಂಬೆ, ನೂಲು, ರೆಂಬೆ, ಅಕ್ಕ ಹಾಸ್ಯ ಮಾಡುತ್ತಾಳೆಂದು ಇವಳು ಕಾದಳು, ಅಕ್ಕ ಮಾಡಲಿಲ್ಲ, ಎಡಗೈ ನಿಧಾನಕ್ಕೆ ಎತ್ತಿ ತೋರುಬೆರಳನ್ನು ಪರದೆಯ ಗಾಜಿಗೆ ಮುಟ್ಟಿಸಿದಳು, ರೆಂಬೆ ಮುರಿದು ನೂಲಾಗುವ ಜಾಗಕ್ಕೆ ಸರಿಯಾಗಿ, ಇವಳು ಹೇಳಬೇಕೆಂದಿದ್ದ ಮಾತೆಲ್ಲ ಎಲ್ಲಿಗೆ ಹೋಯಿತೋ, ಭಾವನೂ ಇಲ್ಲ, ದೊಡ್ಡವರೂ ಇಲ್ಲ, ಆ ಬೆರಳಿನ ಕೆಳಗೆ ನೂಲು, ಆ ಬೆರಳಿನ ಕೆಳಗೆ ರೆಂಬೆ, ನೂಲು, ಸುಕ್ಕಾದ ಬೆರಳತುದಿ, ಅದರ ಕೆಳಗೆ ನೂಲು —